ಕಂಪ್ಯೂಟರ್ ಬಂತು, ಮೇಷ್ಟ್ರಿಗೆ ಕಲಿಸೋರು ಯಾರು?

ಸರ್ಕಾರಕ್ಕೆ ಪೆಟ್ಟಿಗೆ ಕೊಳ್ಳುವುದು ಚೆನ್ನಾಗಿ ಗೊತ್ತು. ಪೆಟ್ಟಿಗೆ ಬಿಚ್ಚಿ ಪಾಠ ಹೇಳುವ ಮೇಷ್ಟ್ರನ್ನು ತಯಾರು ಮಾಡುವುದು ಮಾತ್ರ ಇನ್ನೂ ಗೊತ್ತಾಗಿಲ್ಲ. ಈ ದೇಶದ ಶಾಲೆಗಳಿಗೆ ಕಂಪ್ಯೂಟರ್ ಕಾಲಿಟ್ಟು ನಲವತ್ತು ವರ್ಷ ದಾಟಿತು. ಅಂದಿನಿಂದ ಇಂದಿನ ತನಕ ನಾಟಕ ಒಂದೇ, ಪಾತ್ರಧಾರಿಗಳು ಮಾತ್ರ ಬೇರೆ. ಟೆಂಡರ್ ಆಗುತ್ತದೆ. ಲಾರಿ ಬರುತ್ತದೆ. ಹಾರ ತುರಾಯಿ ಆಗುತ್ತದೆ. ಮಾನ್ಯರು ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಹೊರಡುತ್ತಾರೆ. ಆಮೇಲೆ?

ಆಮೇಲೆ ಕೋಣೆಗೆ ಬೀಗ. ಬೀಗದ ಕೈ ಹೆಡ್ ಮೇಷ್ಟ್ರ ಬೀರುವಿನಲ್ಲಿ ಭದ್ರ. "ಹುಡುಗ್ರು ಮುಟ್ಟಿ ಕೆಟ್ಟೋದ್ರೆ ಆಡಿಟ್‌ನವರಿಗೆ ಜವಾಬು ಕೊಡೋನು ಯಾರು?" ಎಂಬ ಭಯ ಅವರದು. ಅವರನ್ನು ಬೈದು ಉಪಯೋಗವಿಲ್ಲ. ಈಜು ಕಲಿಸದೆ ಕೆರೆಗೆ ಕಾವಲು ಹಾಕಿದರೆ, ಕಾವಲುಗಾರ ಯಾರನ್ನೂ ನೀರಿಗೆ ಬಿಡುವುದಿಲ್ಲ. ಅಷ್ಟೇ ಸಮಾಚಾರ.

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಿಗೂ ಈ ಮಾತು ಅನ್ವಯಿಸುತ್ತದೆ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು ಜಿಲ್ಲಾ ಕೇಂದ್ರ. ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ನಿಂತಿದೆ. ಹೀಗಿರುವಾಗ "ಕರೆಂಟಿಲ್ಲ, ಕಾಲ ಬಂದಿಲ್ಲ" ಎಂಬ ಹಳೇ ನೆಪ ಈ ಜಿಲ್ಲೆಗೆ ಶೋಭಿಸುವುದಿಲ್ಲ. ಇಲ್ಲದಿರುವುದು ಯಂತ್ರವಲ್ಲ, ಮೇಷ್ಟ್ರಿಗೆ ಆಗಬೇಕಾದ ನೆಟ್ಟಗಿನ ತರಬೇತಿ.

ಪೇಟೆಗೂ ಇದಕ್ಕೂ ಏನು ಸಂಬಂಧ?

"ಇಸ್ಕೂಲ್ ಸಮಾಚಾರ ನಮಗ್ಯಾಕೆ ಸ್ವಾಮಿ, ನಮ್ಮ ವ್ಯಾಪಾರ ನಮಗೆ" ಎಂದು ಮಂಡಿಪೇಟೆಯವರು ಪತ್ರಿಕೆ ಮಡಿಚಿ ಪೊಟ್ಟಣ ಕಟ್ಟುವ ಮುಂಚೆ ಸ್ವಲ್ಪ ತಾಳಬೇಕು. 2016ರಲ್ಲಿ ಯುಪಿಐ ಬಂತು. ಹೂವು ಮಾರುವವಳಿಂದ ಹಿಡಿದು ಬಟ್ಟೆ ಅಂಗಡಿಯ ತನಕ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಕಪ್ಪು ಬಿಳುಪು ಚೌಕದ ಚೀಟಿ ಬಂದು ಕೂತಿತು. ಕಂಪನಿ ಹುಡುಗ ಚೀಟಿ ಅಂಟಿಸಿದ, ದುಡ್ಡು ಬಂದರೆ ಕೂಗುವ ಡಬ್ಬಿ ಇಟ್ಟ, ಹೋದ. ಅದರ ಹಿಂದೆ ಏನು ನಡೆಯುತ್ತದೆ ಎಂದು ಕಲಿಸಿದವರು ಯಾರು? ಯಾರೂ ಇಲ್ಲ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಇದೇ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ ಗುಲ್ಲೋ ಗುಲ್ಲು. "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡುಗಳು ಬೆಂಗಳೂರಿನ ಅಂಗಡಿಗಳ ಮುಂದೆ ತೂಗಾಡಿದವು. ನೋಟೀಸು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕೆಂಬುದು ಎಷ್ಟು ಜನಕ್ಕೆ ಗೊತ್ತಿತ್ತು? ಅಂಗಡಿ ದುಡ್ಡು, ಕೈಸಾಲದ ದುಡ್ಡು, ಮಗ ಊರಿಂದ ಕಳಿಸಿದ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ, ನೋಡುವವನ ಕಣ್ಣಿಗೆ ಎಲ್ಲವೂ ವ್ಯಾಪಾರದ ಹಾಗೇ ಕಾಣುತ್ತದೆ ಎಂದು ಯಾರು ಹೇಳಿದ್ದರು? ಗುಂಡಿ ಒತ್ತುವುದು ಕಲಿಕೆಯಲ್ಲ. ಒತ್ತಿದರೆ ಏನಾಗುತ್ತದೆ ಎಂದು ತಿಳಿಯುವುದೇ ಕಲಿಕೆ. ದೊಡ್ಡವರು ಡಿಜಿಟಲ್ ಸಾಕ್ಷರತೆ ಎಂದು ಭಾಷಣದಲ್ಲಿ ಹೇಳುವುದರ ತಿರುಳು ಇಷ್ಟೇ.

ಇನ್ನು ಮೋಸದ ಮಾತು. ಕೇಂದ್ರ ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಕೊಟ್ಟ ಲೆಕ್ಕದ ಪ್ರಕಾರ 2024ರ ಒಂದೇ ವರ್ಷದಲ್ಲಿ ಸೈಬರ್ ಕಳ್ಳರ ಪಾಲಾದ ಜನರ ದುಡ್ಡು 22,845 ಕೋಟಿ ರೂಪಾಯಿ. ಮದುವೆ ಕರೆಯೋಲೆ ಎಂಬ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಕಡತ ಬರುತ್ತದೆ, ಒತ್ತಿದರೆ ಫೋನೇ ಪರರ ವಶ. ಪೊಲೀಸ್ ವೇಷದವನು ವಿಡಿಯೋದಲ್ಲಿ ಕಾಣಿಸಿಕೊಂಡು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಎನ್ನುತ್ತಾನೆ, ಓದಿದವರೇ ನಡುಗಿ ದುಡ್ಡು ಕಟ್ಟುತ್ತಾರೆ. ದುಡ್ಡು ಬರಲು ಪಿನ್ ಬೇಕಿಲ್ಲ, ಹೋಗಲು ಮಾತ್ರ ಬೇಕು. ಗುರುತಿಲ್ಲದ ಎಪಿಕೆ ತೆರೆಯಬಾರದು. ಡಿಜಿಟಲ್ ಅರೆಸ್ಟ್ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ದುಡ್ಡು ಹೋದ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು. ಈ ನಾಲ್ಕು ಮಾತು ಒಂಬತ್ತನೇ ಕ್ಲಾಸಿನ ಹುಡುಗಿಗೆ ಸ್ಕೂಲಿನಲ್ಲಿ ಸರಿಯಾಗಿ ತಲೆಗೆ ಹೊಕ್ಕರೆ, ಸಂಜೆ ಅಂಗಡಿಯಲ್ಲಿ ಕೂತು ಅಪ್ಪನಿಗೂ ಹೇಳುತ್ತಾಳೆ, ಅಜ್ಜಿಗೂ ಹೇಳುತ್ತಾಳೆ. ಆದರೆ ಅವಳಿಗೆ ಹೇಳಬೇಕಾದ ಮೇಷ್ಟ್ರಿಗೆ ಹೇಳಿದವರು ಯಾರು? ಪೇಟೆಗೂ ಶಾಲೆಗೂ ಇರುವ ಸಂಬಂಧ ಇದು.

ಬೆರಳಿಗೆ ಗೊತ್ತು, ತಲೆಗೆ ಗೊತ್ತಿಲ್ಲ

"ಅಯ್ಯೋ, ಈಗಿನ ಹುಡುಗರಿಗೆ ಮೇಷ್ಟ್ರು ಏನ್ ಕಲಿಸ್ತಾರೆ? ಅವರೇ ಮೇಷ್ಟ್ರಿಗೆ ಕಲಿಸ್ತಾರೆ!" ಎಂಬ ಮಾತು ಬಸ್ಸಿನಲ್ಲಿ ದಿನವೂ ಕೇಳುತ್ತದೆ. ಕೇಳಲು ಚೆನ್ನ. ಅಂಕಿ ಅಂಶ ಬೇರೆ ಕಥೆ ಹೇಳುತ್ತದೆ. ಗ್ರಾಮೀಣ ಭಾರತದ ಮಕ್ಕಳ ಮೇಲೆ ನಡೆದ 2024ರ ಅಸರ್ ಸಮೀಕ್ಷೆಯಲ್ಲಿ 14ರಿಂದ 16 ವರ್ಷದವರ ಪೈಕಿ ನೂರಕ್ಕೆ 82 ಮಂದಿ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದರು. ಆ ವಾರದಲ್ಲಿ ಓದಿಗೆ ಸಂಬಂಧಪಟ್ಟ ಕೆಲಸಕ್ಕೆ ಬಳಸಿದವರು 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು 76.

ಪಾವಗಡದ ಬಸ್ಸು ಹತ್ತಿದವರಿಗೆ ಸಮೀಕ್ಷೆಯೂ ಬೇಡ. ತುಮಕೂರು ಬಿಟ್ಟಾಗ ಶುರುವಾದ ರೀಲ್ಸ್ ಸದ್ದು ಮಧುಗಿರಿ ದಾಟಿದರೂ ನಿಲ್ಲುವುದಿಲ್ಲ. ಬೆರಳು ಚುರುಕು, ಸಂಶಯವಿಲ್ಲ. ಆದರೆ ಬಂದ ಸುದ್ದಿ ನಿಜವೋ ಸುಳ್ಳೋ ಎಂದು ಪರೀಕ್ಷೆ ಮಾಡುವುದು, ಒಂದು ಅರ್ಜಿಯನ್ನು ಕನ್ನಡದಲ್ಲಿ ಟೈಪು ಮಾಡುವುದು, ಲೆಕ್ಕವನ್ನು ಪಟ್ಟಿಯಲ್ಲಿ ಹಾಕಿ ಕೂಡುವುದು, ಪಾಸ್‌ವರ್ಡ್ ಕಾಪಾಡಿಕೊಳ್ಳುವುದು ಬೆರಳಿನ ಚುರುಕಿನಿಂದ ಬರುವುದಿಲ್ಲ. ಈಗಂತೂ ಹೋಮ್‌ವರ್ಕ್ ಮಾಡಿಕೊಡುವ ಕೃತಕ ಬುದ್ಧಿಮತ್ತೆಯೂ ಫೋನಿಗೆ ಬಂದು ಕೂತಿದೆ. ಅದು ತಪ್ಪನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ ಎಂದು ಹುಡುಗನಿಗೆ ತೋರಿಸಿಕೊಡಲು ಒಬ್ಬ ತಿಳಿದ ಮೇಷ್ಟ್ರು ಬೇಕೇ ಬೇಕು.

ಪೆಟ್ಟಿಗೆಯ ಪುರಾಣ

ಹಿಂದಿನದನ್ನು ಸ್ವಲ್ಪ ನೋಡಬೇಕು. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಎಂಬ ಯೋಜನೆ ತಂದಿತು. ಮೊದಲಿಗೆ ಆರಿಸಿದ್ದು ದೇಶದ 250 ಶಾಲೆ. ಇಂಗ್ಲೆಂಡಿನಿಂದ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಬಂದವು. ಕೆಲವೇ ಮೇಷ್ಟ್ರಿಗೆ ತರಬೇತಿ. ಉಳಿದವರು ದೂರದಿಂದ ನೋಡಿ ಕೈಮುಗಿದರು.

2001ರಲ್ಲಿ ಕರ್ನಾಟಕ ಸರ್ಕಾರ ಮಾಹಿತಿ ಸಿಂಧು ಹೆಸರಿನಲ್ಲಿ 1,000 ಸರ್ಕಾರಿ ಹೈಸ್ಕೂಲಿಗೆ ಕಂಪ್ಯೂಟರ್ ಶಿಕ್ಷಣ ಕೊಡಲು ಹೊರಟಿತು. ಕೆಲಸ ಖಾಸಗಿ ಕಂಪನಿಗಳಿಗೆ. ಯಂತ್ರವೂ ಅವರದೇ, ಪಾಠ ಹೇಳುವ ಹುಡುಗನೂ ಅವರವನೇ. 2004ರ ಕೊನೆಗೆ ಕೇಂದ್ರದ ಐಸಿಟಿ ಯೋಜನೆ ಬಂತು. ಅಲ್ಲೂ ಗುತ್ತಿಗೆಯೇ. ಕರಾರು ಇರುವ ತನಕ ಹುಡುಗ ಬಂದ, ಮುಗಿದ ಮೇಲೆ ಹೋದ. ಅವನ ಜೊತೆಗೆ ವಿದ್ಯೆಯೂ ಹೋಯಿತು. ಇಪ್ಪತ್ತು ಮೂವತ್ತು ವರ್ಷ ಅದೇ ಇಲಾಖೆಯಲ್ಲಿ ಸವೆಯುವ ಗಣಿತದ ಮೇಷ್ಟ್ರು, ವಿಜ್ಞಾನದ ಮೇಡಂ ಮಾತ್ರ ಕೋಣೆಯ ಹೊರಗೇ ನಿಂತಿದ್ದರು. "ಅದು ಕಂಪ್ಯೂಟರ್ ಸಾರ್ ಕೆಲಸ" ಎಂಬ ಮಾತು ಶಾಲೆಗಳಲ್ಲಿ ಬೇರು ಬಿಟ್ಟದ್ದು ಹೀಗೆ.

ಬರೀ ಪೆಟ್ಟಿಗೆಯಿಂದ ಕಲಿಕೆ ಆಗುವುದಿಲ್ಲ ಎನ್ನುವುದಕ್ಕೆ ದೂರದ ಸಾಕ್ಷಿಯೂ ಉಂಟು. ದಕ್ಷಿಣ ಅಮೆರಿಕದ ಪೆರು ದೇಶ ಮಗುವಿಗೊಂದು ಲ್ಯಾಪ್‌ಟಾಪ್ ಎಂದು ಎಂಟು ಲಕ್ಷಕ್ಕೂ ಹೆಚ್ಚು ಯಂತ್ರ ಹಂಚಿತು. 319 ಹಳ್ಳಿ ಶಾಲೆಗಳನ್ನು ಅಳೆದು ನೋಡಿದ ಅಧ್ಯಯನದ ಫಲಿತಾಂಶ 2012ರಲ್ಲಿ ಹೊರಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದೆ ಹೋದ ಕುರುಹು ಕಾಣಲಿಲ್ಲ. ದುಡ್ಡು ಕೊಟ್ಟು ಕಲಿತ ಪಾಠ ಅವರದು. ಇಲ್ಲಿನವರು ಬಿಟ್ಟಿಯಾಗಿ ಕಲಿಯಬಹುದು.

ಹಾಗೆಂದು ಕರ್ನಾಟಕದಲ್ಲಿ ಒಳ್ಳೆಯದೇನೂ ಆಗಿಲ್ಲ ಎಂದರೆ ಅನ್ಯಾಯವಾದೀತು. 2011ರಲ್ಲಿ ಹೈಸ್ಕೂಲು ಮೇಷ್ಟ್ರುಗಳಿಗಾಗಿ ವಿಷಯ ಶಿಕ್ಷಕರ ವೇದಿಕೆ ಶುರುವಾಯಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳು ತಾವೇ ಕಂಪ್ಯೂಟರ್ ಮುಂದೆ ಕೂತು, ಕನ್ನಡದಲ್ಲಿ ಪಾಠದ ಸಾಮಗ್ರಿ ಮಾಡಿ, ಒಬ್ಬರಿಗೊಬ್ಬರು ಹಂಚಿಕೊಂಡರು. 2016-17ರಲ್ಲಿ ಬಂದ ಟಾಲ್ಪ್ ಯೋಜನೆಯಲ್ಲಿ ಡಯಟ್‌ಗಳಲ್ಲಿ ಕೈಯಿಟ್ಟು ಕಲಿಯುವ ತರಬೇತಿ ನಡೆಯಿತು. ಹೋಗಿ ಬಂದ ಅನೇಕರು ಇಂದಿಗೂ ಪರದೆಯ ಮೇಲೆ ರೇಖಾಗಣಿತ ತೋರಿಸುತ್ತಾರೆ. ಮೇಷ್ಟ್ರಿಗೆ ಕಲಿಯುವ ಶಕ್ತಿ ಇಲ್ಲವೆನ್ನುವವರ ಬಾಯಿ ಮುಚ್ಚಿಸಲು ಇಷ್ಟು ಸಾಕು. ಕೊರತೆ ಒಂದೇ: ಒಂದು ಸಲ ಬೀಜ ಹಾಕಿ ಆಮೇಲೆ ನೀರು ಹಾಯಿಸಲು ಮರೆತರು.

ಪಕ್ಕದ ಮನೆಯವರು ಮಾಡಿದ್ದೇನು?

ಕೇರಳದವರೂ 2001ರಲ್ಲೇ ಐಟಿ ಅಟ್ ಸ್ಕೂಲ್ ಎಂದು ಶುರು ಮಾಡಿದರು. ಇಬ್ಬರೂ ಒಂದೇ ವರ್ಷ ಓಟ ಶುರು ಮಾಡಿದ್ದು. ಆದರೆ ಅವರು ಹಿಡಿದ ದಾರಿ ಬೇರೆ. ಹೊರಗಿನ ಹುಡುಗನ ಬದಲು ಮೇಷ್ಟ್ರುಗಳಲ್ಲೇ ಆಸಕ್ತಿ ಇದ್ದವರನ್ನು ಆರಿಸಿ, ತಯಾರು ಮಾಡಿ, ಉಳಿದವರಿಗೆ ಕಲಿಸಲು ಬಿಟ್ಟರು. ದುಬಾರಿ ಲೈಸೆನ್ಸಿನ ಗೊಡವೆ ಬಿಟ್ಟು ಉಚಿತ ತಂತ್ರಾಂಶ ಹಿಡಿದರು. ಮಲಯಾಳದಲ್ಲೇ ಕಲಿಸಿದರು. ಐಟಿಯನ್ನು ಪಾಠದ ವಿಷಯವಾಗಿ ಮಾಡಿ ಎಸ್‌ಎಸ್‌ಎಲ್‌ಸಿಗೆ ಪರೀಕ್ಷೆಯನ್ನೂ ತಂದರು. 2017ರಲ್ಲಿ ಆ ಯೋಜನೆ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. 2018ರಲ್ಲಿ ಮಕ್ಕಳ ಐಟಿ ಕ್ಲಬ್‌ಗಳು ಬಂದವು. 2022ರಲ್ಲಿ ಆ ಮಕ್ಕಳೇ ತಾಯಂದಿರಿಗೆ ಸೈಬರ್ ಮೋಸದ ಪಾಠ ಹೇಳಿದರು. 2024ರಲ್ಲಿ 80,000 ಮೇಷ್ಟ್ರಿಗೆ ಕೃತಕ ಬುದ್ಧಿಮತ್ತೆಯ ತರಬೇತಿಯನ್ನೂ ಹಮ್ಮಿಕೊಂಡರು.

ಅವರಲ್ಲೇನು ಚಿನ್ನದ ಗಣಿ ಇದೆಯೇ? ಇಲ್ಲ. ಮೇಷ್ಟ್ರ ಮೇಲೆ ನಂಬಿಕೆ ಇಟ್ಟರು, ಇಪ್ಪತ್ತು ವರ್ಷ ಹಿಡಿದ ಹಟ ಬಿಡಲಿಲ್ಲ. ಇಲ್ಲಿ ಸರ್ಕಾರ ಬದಲಾದಾಗಲೆಲ್ಲ ಯೋಜನೆಯ ಹೆಸರೂ ಬದಲು.

ಮೇಷ್ಟ್ರು ಯಾರ ಗುಮಾಸ್ತ?

ಒಂದು ವಿಚಿತ್ರ ನೋಡಿ. ಮೇಷ್ಟ್ರಿಗೆ ಕಂಪ್ಯೂಟರ್ ಬರುವುದಿಲ್ಲ ಎನ್ನುವ ಇದೇ ವ್ಯವಸ್ಥೆ, ತನಗೆ ಬೇಕಾದಾಗ ಅದೇ ಮೇಷ್ಟ್ರ ಕೈಯಲ್ಲಿ ಹಗಲಿರುಳು ಮೊಬೈಲ್ ಒತ್ತಿಸುತ್ತದೆ. ಮಕ್ಕಳ ವಿವರ ತುಂಬಲು ಸ್ಯಾಟ್ಸ್. ಶಾಲೆಯ ವಿವರಕ್ಕೆ ಯುಡೈಸ್. ಬಿಸಿಯೂಟದ ಲೆಕ್ಕ ಇನ್ನೊಂದು ಕಡೆ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಮನೆಮನೆ ಸುತ್ತಿ ಆ್ಯಪ್ ತುಂಬಿಸಿದವರೂ ಮೇಷ್ಟ್ರುಗಳೇ. ಸರ್ವರ್ ಕೈಕೊಟ್ಟಾಗ ಬಿಸಿಲಲ್ಲಿ ನಿಂತು ಬೈಸಿಕೊಂಡವರೂ ಅವರೇ. ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆಯಬೇಕಾಯಿತು.

ಅಂದರೆ ಸರ್ಕಾರಕ್ಕೆ ಮಾಹಿತಿ ತುಂಬುವ ಯಂತ್ರಜ್ಞಾನ ಮೇಷ್ಟ್ರಿಗೆ ಬರಬೇಕು, ಮಕ್ಕಳಿಗೆ ತಿಳಿವಳಿಕೆ ತುಂಬುವ ಯಂತ್ರಜ್ಞಾನ ಬಾರದಿದ್ದರೂ ನಡೆಯುತ್ತದೆ! ಎಂಥ ವಿಪರ್ಯಾಸ!

ತರಬೇತಿ ಇಲ್ಲವೇ? ಇದೆ, ಹೆಸರಿಗೇನು ಬರವಿಲ್ಲ. 2017ರಲ್ಲಿ ದೀಕ್ಷಾ, 2019ರಲ್ಲಿ ನಿಷ್ಠಾ. ಕೊರೋನಾ ಬಂದ ಮೇಲೆ, 2020ರಿಂದ, ನಿಷ್ಠಾವೂ ಆನ್‌ಲೈನ್ ಆಯಿತು. ವಿಡಿಯೋ ಹಾಕಿಟ್ಟು ಎದ್ದು ಹೋಗಿ ಕಾಫಿ ಕುಡಿದು ಬಂದರೂ ಅದರ ಪಾಡಿಗೆ ಅದು ಮುಗಿಯುತ್ತದೆ. ಪ್ರಶ್ನೆಗಳ ಉತ್ತರ ವಾಟ್ಸಾಪ್ ಗುಂಪಿಗೆ ಬರುತ್ತದೆ. ಸರ್ಟಿಫಿಕೇಟು ಕೈಗೆ ಬರುತ್ತದೆ. ವರ್ಷಕ್ಕೆ 50 ಗಂಟೆ ಮೇಷ್ಟ್ರ ಕಲಿಕೆಗೆ ಮೀಸಲಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಕಾಗದದ ಮೇಲೆ 50 ಗಂಟೆ ತುಂಬಿಸುವುದು ಕಷ್ಟವೇನಲ್ಲ. ಸೈಕಲ್ ಸವಾರಿಯ ಬಗ್ಗೆ 50 ಗಂಟೆ ಭಾಷಣ ಕೇಳಿದವನು ಸೈಕಲ್ ಹತ್ತಿದ ಕೂಡಲೇ ಬೀಳುತ್ತಾನೆ, ಅಷ್ಟೇ.

ಪಠ್ಯಪುಸ್ತಕದ ಪುಟಗಳಲ್ಲೂ ಅಂಗಡಿಯ ಚೀಟಿಯಂಥದೇ ಚೌಕ ಅಚ್ಚಾಗಿದೆ. ಅಂಗಡಿಯದನ್ನು ಸ್ಕ್ಯಾನ್ ಮಾಡಿದರೆ ದುಡ್ಡು ಹೋಗುತ್ತದೆ, ಪುಸ್ತಕದ್ದನ್ನು ಮಾಡಿದರೆ ಪಾಠ ಬರುತ್ತದೆ. ತಮ್ಮ ಮಕ್ಕಳ ಕ್ಲಾಸಿನಲ್ಲಿ ಅದನ್ನು ಒಮ್ಮೆಯಾದರೂ ತೆರೆದು ತೋರಿಸಿದ್ದಾರೆಯೇ ಎಂದು ತಂದೆ ತಾಯಿಗಳು ಇವತ್ತು ರಾತ್ರಿ ಊಟದ ಹೊತ್ತಿಗೆ ಕೇಳಿ ನೋಡಲಿ.

ಆಗಬೇಕಾದ್ದು ಏನು?

ಬೈದರೆ ಸಾಲದು, ದಾರಿ ಹೇಳಬೇಕು. ಜಿಲ್ಲೆಯಲ್ಲಿ ತುಮಕೂರು, ಮಧುಗಿರಿ ಎಂದು ಎರಡು ಶೈಕ್ಷಣಿಕ ಜಿಲ್ಲೆ, ಎರಡು ಡಯಟ್. ಪಾವಗಡದ ಗಡಿಯ ಊರಿನ ಮೇಡಂ ಮಧುಗಿರಿಗೆ ಬಂದು ಹೋಗುವುದರಲ್ಲೇ ಅರ್ಧ ದಿನ ಬಸ್ಸಿಗೆ. ಮನೆಯಲ್ಲಿ ಎಳೆ ಮಗು ಇದ್ದರೆ ಅದೂ ಆಗದು. ಆದ್ದರಿಂದ ತರಬೇತಿಯೇ ಹೋಬಳಿಗೆ ಬರಬೇಕು. ಕ್ಲಸ್ಟರ್ ಮಟ್ಟದಲ್ಲಿ ಮೇಷ್ಟ್ರುಗಳ ಸಮಾಲೋಚನಾ ಸಭೆ ಎಂಬುದು ಹೇಗೂ ಇದೆ. ಅಲ್ಲಿ ಸುತ್ತೋಲೆ ಓದುವುದನ್ನು ಅರ್ಧ ಗಂಟೆಗೆ ಮುಗಿಸಿ, ಉಳಿದ ಹೊತ್ತು ಪ್ರತಿಯೊಬ್ಬರ ಕೈಯೂ ಕೀಲಿಮಣೆಯ ಮೇಲಿರುವಂತೆ ಮಾಡಲಿ. ತಿಂಗಳಿಗೊಂದು ಸಣ್ಣ ಕೆಲಸ ಸಾಕು. ಈ ತಿಂಗಳು ಯೂನಿಕೋಡ್ ಕನ್ನಡದಲ್ಲಿ ಪ್ರಶ್ನೆಪತ್ರಿಕೆ. ಮುಂದಿನ ತಿಂಗಳು ಒಂದು ಸುಳ್ಳು ಸುದ್ದಿ ಹಿಡಿದು ಅದರ ಮೂಲ ಹುಡುಕುವುದು. ಆಮೇಲೆ ಯುಪಿಐ ಮೋಸ. ಕಲಿತದ್ದನ್ನು ಆ ತಿಂಗಳೇ ಕ್ಲಾಸಿನಲ್ಲಿ ಮಾಡಿ, ಏನಾಯಿತೆಂದು ಮುಂದಿನ ಸಭೆಗೆ ಬಂದು ಹೇಳಬೇಕು.

ಕಲಿಸುವವರು ಎಲ್ಲಿಂದ? ಈಗಾಗಲೇ ಕಲಿತ ಮೇಷ್ಟ್ರುಗಳು ಪ್ರತಿ ತಾಲ್ಲೂಕಿನಲ್ಲಿದ್ದಾರೆ. ಹೋಬಳಿಗೊಬ್ಬರನ್ನು ಆರಿಸಿ, ಸಮೀಕ್ಷೆ, ಚುನಾವಣೆ ಮುಂತಾದ ಹೊರೆ ಇಳಿಸಿ, ವಾರಕ್ಕೊಂದು ಶಾಲೆಗೆ ಹೋಗಿ ಪಕ್ಕದಲ್ಲಿ ಕೂತು ಹೇಳಿಕೊಡಲು ಬಿಡಲಿ. ಹತ್ತು ಜನರ ಮುಂದೆ "ನನಗೆ ಮೌಸ್ ಹಿಡಿಯೋಕೆ ಬರಲ್ಲ" ಎನ್ನಲು ಐವತ್ತು ದಾಟಿದ ಮೇಷ್ಟ್ರಿಗೆ ನಾಚಿಕೆ. ಪಕ್ಕದ ಊರಿನ ಪರಿಚಯದವರ ಮುಂದೆ ಅಷ್ಟು ನಾಚಿಕೆ ಇರುವುದಿಲ್ಲ.

ಇನ್ನೊಂದು ಮಾತು ಬೀಗದ್ದು. ಪಾಠಕ್ಕೆ ಬಳಸುವಾಗ ಯಂತ್ರ ಕೆಟ್ಟರೆ ಮೇಷ್ಟ್ರ ಸಂಬಳಕ್ಕೆ ಕೈ ಹಾಕುವುದಿಲ್ಲ ಎಂದು ಇಲಾಖೆ ಲಿಖಿತವಾಗಿ ಹೇಳಲಿ. ರಿಪೇರಿಗೆ ಸ್ವಲ್ಪ ದುಡ್ಡು ಶಾಲೆಯ ಕೈಯಲ್ಲೇ ಇರಲಿ. ವೇಳಾಪಟ್ಟಿಯಲ್ಲಿ ಪ್ರತಿ ಕ್ಲಾಸಿಗೂ ವಾರಕ್ಕೊಂದು ಪೀರಿಯಡ್ ಬರೆದಿಡಲಿ. ಧೂಳು ಹಿಡಿದು ಸಾಯುವ ಯಂತ್ರಕ್ಕಿಂತ ಮಕ್ಕಳ ಕೈಯಲ್ಲಿ ಸವೆದು ಹೋದ ಯಂತ್ರ ಎಷ್ಟೋ ಮೇಲು.

ದೇಶದ ಮಟ್ಟದಲ್ಲಿ ಲೆಕ್ಕ ಇದೆ. 2024-25ರ ಯುಡೈಸ್ ಪ್ರಕಾರ ನೂರಕ್ಕೆ 64.7 ಶಾಲೆಯಲ್ಲಿ ಕಂಪ್ಯೂಟರ್, 63.5ರಲ್ಲಿ ಇಂಟರ್‌ನೆಟ್. ಇದು ಪೆಟ್ಟಿಗೆಯ ಲೆಕ್ಕ. ಬೀಗ ತೆಗೆದ ಕೋಣೆ ಎಷ್ಟು, ಕಲಿಸಬಲ್ಲ ಮೇಷ್ಟ್ರು ಎಷ್ಟು ಎಂಬ ಲೆಕ್ಕವನ್ನು ಪ್ರತಿ ತಾಲ್ಲೂಕಿನ ಬಿಇಒ ಆಫೀಸಿನ ಮುಂದೆ ಬೋರ್ಡಿನಲ್ಲಿ ಬರೆದು ತೂಗುಹಾಕಲಿ.

ಮೇಷ್ಟ್ರುಗಳಿಗೂ ಒಂದು ಮಾತು

ತಪ್ಪೆಲ್ಲ ಸರ್ಕಾರದ್ದೇ ಎಂದು ಮೇಷ್ಟ್ರುಗಳೂ ಕೈ ತೊಳೆದುಕೊಳ್ಳುವ ಹಾಗಿಲ್ಲ. ಮೊಬೈಲಿನಲ್ಲಿ ಸೈಟಿನ ರೇಟು ನೋಡಲು, ವರ್ಗಾವಣೆ ಪಟ್ಟಿ ಹುಡುಕಲು ಬರುತ್ತದೆ. ಪಾಠದ ವಿಷಯ ಬಂದಾಗ ಮಾತ್ರ "ನಮ್ಗೆ ಇವೆಲ್ಲ ಹತ್ತಲ್ಲ ಸಾರ್" ಎಂದರೆ ಹೇಗೆ? ಕೊರೋನಾ ಕಾಲದಲ್ಲಿ ಸ್ವಂತ ದುಡ್ಡಿನಲ್ಲಿ ಡೇಟಾ ಹಾಕಿಸಿಕೊಂಡು ಹಳ್ಳಿ ಮಕ್ಕಳಿಗೆ ಪಾಠ ಕಳಿಸಿದ ಮೇಷ್ಟ್ರುಗಳು ಇದ್ದಾರೆ. ಅವರ ಪಾದಕ್ಕೆ ನಮಸ್ಕಾರ. ಉಳಿದವರು ಅವರನ್ನು ನೋಡಿ ಕಲಿಯಬೇಕು.

ಊರವರ ಪಾಲೂ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ 2001ರಿಂದ ಎಸ್‌ಡಿಎಂಸಿ ಇದೆ. ತಂದೆ ತಾಯಿಗಳೇ ಅದರ ಸದಸ್ಯರು. ಸುಣ್ಣ ಬಣ್ಣ, ಕಾಂಪೌಂಡಿನ ಜೊತೆಗೆ ಈ ಬೀಗದ ಕೈಯ ವಿಷಯವನ್ನೂ ಸಭೆಯಲ್ಲಿ ಎತ್ತಬಹುದು. ದಿನವೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಕಂಪ್ಯೂಟರ್ ಬಲ್ಲ ಯುವಕರು ತಿಂಗಳಿಗೊಂದು ಶನಿವಾರ ತಮ್ಮೂರಿನ ಶಾಲೆಗೆ ಕೊಟ್ಟರೆ ಮೇಷ್ಟ್ರಿಗೆ ಎಷ್ಟೋ ಧೈರ್ಯ.

ಮತ್ತೆ ಟೆಂಡರ್ ಆಗುತ್ತದೆ, ಮತ್ತೆ ಲಾರಿ ಬರುತ್ತದೆ. ರಿಬ್ಬನ್ ಕತ್ತರಿಸಲು ಬರುವ ಮಾನ್ಯರಿಗೆ ಊರವರು ಹಾರ ಹಾಕಲಿ, ಬೇಡವೆನ್ನುವುದಿಲ್ಲ. ಹಾರ ಹಾಕಿದ ಕೈ ಇಳಿಸುವ ಮುಂಚೆ ಒಂದು ಪ್ರಶ್ನೆ ಕೇಳಲಿ: "ಸ್ವಾಮಿ, ಪೆಟ್ಟಿಗೆ ಎಷ್ಟು ಅಂತ ಹೇಳಿದ್ರಿ, ಸಂತೋಷ. ಇದನ್ನ ಕಲಿಸೋ ನಮ್ಮ ಮೇಷ್ಟ್ರಿಗೆ ಎಷ್ಟು ದಿನ ಕಲಿಸಿದ್ರಿ?"